ಜೋಳದ ರುಚಿ ಕಂಡ ಏಡಿಗಳು

ಏಡಿಯ ಬೆನ್ನಿಗೆ ಉಗುರುಬಣ್ಣ ಹಚ್ಚಬೇಕಾದರೆ ಅದನ್ನು ಹಿಂದಿನಿಂದ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಸುಲೈಕಾಳ ಪಾಲಿಗೆ ಆ ಇನ್ನೊಬ್ಬ ಎಲಿಯೂತ್. ಜೀವಶಾಸ್ತ್ರದ ತರಗತಿಯಲ್ಲಿ ಪ್ರೊಫೆಸರ್ ನೆಲಿದಾ ಹಾಗೆ ಜೋಡಿ ಮಾಡಿದ್ದರು. ಅವನು ಹಿಡಿಯುತ್ತಿದ್ದ, ಇವಳು ಹಚ್ಚುತ್ತಿದ್ದಳು. ಇಡೀ ಸೆಮಿಸ್ಟರಿನಲ್ಲಿ ಅವರು ಆಡಿದ್ದು "ಹೂಂ, ಬಿಡು", "ಇನ್ನೊಂದು ಕೊಡು", ಅಷ್ಟೇ. ಒಮ್ಮೆ ಬ್ರಷ್ಷು ಜಾರಿ ಅವನ ಹೆಬ್ಬೆರಳು ಕೆಂಪಾಯಿತು. ಅವನು ಒರೆಸಿಕೊಳ್ಳಲಿಲ್ಲ. ಆ ಬಣ್ಣ ತಾನಾಗಿ ಅಳಿಸಿಹೋಗುವವರೆಗೂ ಸುಲೈಕಾ ಅದನ್ನು ಕದ್ದು ಕದ್ದು ನೋಡಿದಳು. ಸೋಮಾರಿ ಇರಬೇಕು, ಎಂದು ತನಗೆ ತಾನೇ ಹೇಳಿಕೊಂಡಳು.

ಕಾಲೇಜಿನ ಹಿಂದೆ, ಸಮುದ್ರದವರೆಗೂ ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಕಾಡು. ಅದಕ್ಕೆ ಮಣ್ಣು ತುಂಬಿ ಪಾರ್ಕಿಂಗ್ ಮಾಡಬೇಕೆಂಬುದು ಆಡಳಿತದವರ ಆಸೆ. ಪೋರ್ಟೊ ರಿಕೊದಲ್ಲಿ ಕಾರಿಲ್ಲದ ಮನುಷ್ಯನಿಲ್ಲ, ಕಾರು ನಿಲ್ಲಿಸಲು ಜಾಗವೂ ಇಲ್ಲ. "ಅಲ್ಲೇನಿದೆ, ನಾಲ್ಕು ಏಡಿ" ಎನ್ನುತ್ತಿದ್ದರು. ನಾಲ್ಕೋ ನಾಲ್ಕು ಸಾವಿರವೋ ಎಂದು ಪುರಸಭೆಯ ಮುಂದೆ ಹೇಳಬೇಕಾದವಳು ಸುಲೈಕಾ; ಅವಳ ಪದವಿಯ ಕೊನೆಯ ಪ್ರಾಜೆಕ್ಟೂ ಅದೇ. ವಿಧಾನ ಸರಳ. ಕೆಲವು ಏಡಿಗಳಿಗೆ ಬಣ್ಣ ಹಚ್ಚಿ ಬಿಡುವುದು, ಕೆಲವು ವಾರ ಬಿಟ್ಟು ಮತ್ತೆ ಬೋನಿಡುವುದು. ಬಿದ್ದವುಗಳಲ್ಲಿ ಬಣ್ಣದವು ಅಪರೂಪವಾದರೆ ಕಾಡಿನ ತುಂಬ ಏಡಿಗಳಿವೆ ಎಂದರ್ಥ. ಬರೀ ಬಣ್ಣದವೇ ಬಂದರೆ ಇರುವುದೇ ಅಷ್ಟು.

ಬರೀ ಬಣ್ಣದವೇ ಬಂದವು. ಬೋನಿನಿಂದ ಬೋನಿಗೆ, ಮದುವೆಗೆ ಹೊರಟವರಂತೆ ಕೆಂಪು ಬಳಿದುಕೊಂಡು ಕೂತಿದ್ದವು.

"ಮುಗೀತು" ಎಂದಳು ಸುಲೈಕಾ. "ಅವರ ಕಾರಿಗೆ ನಾವೇ ಜಾಗ ಮಾಡಿಕೊಟ್ವಿ."

"ನಮ್ಮವೇ ವಾಪಸ್ ಬಂದ್ರೆ ಒಳ್ಳೇದಲ್ವಾ? ನಿಂಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ."

"ಮೇಡಂ ಈ ಲೆಕ್ಕ ಹೇಳಿಕೊಡೋವಾಗ ಎಲ್ಲಿದ್ದೆ ನೀನು?"

"ನಿನ್ನ ಗುಂಗುರು ಕೂದಲ ಹಿಂದೆ. ಬೋರ್ಡ್ ಕಾಣ್ತಿರ್ಲಿಲ್ಲ."

ಅವಳು ಬೋನು ಎತ್ತಲು ಬಗ್ಗಿದಳು. ಬಿಲದ ಬಾಯಲ್ಲಿ ನೆನೆದ ಮೆಕ್ಕೆಜೋಳದ ಕಾಳು. ಪಕ್ಕದ ಬಿಲದಲ್ಲೂ ಕಾಳು, ಜೊತೆಗೊಂದು ತೆಂಗಿನ ಚೂರು. ಕಾಂಡ್ಲಾ ಕಾಡಿನಲ್ಲಿ ಜೋಳ ಬೆಳೆಯುವುದಿಲ್ಲ.

"ಎಲಿಯೂತ್, ಜೇಬು ತೋರಿಸು."

ಅವನು ತೋರಿಸಿದ. ಒಂದು ಹಿಡಿ ಜೋಳ ಮಿಕ್ಕಿತ್ತು.

ಅವರ ಕಡೆ ಹಿಡಿದ ಏಡಿಯನ್ನು ಅವತ್ತೇ ಯಾರೂ ಬೇಯಿಸುವುದಿಲ್ಲ. ಹಿತ್ತಲಿನ ಗೂಡಿನಲ್ಲಿ ಕೂಡಿಹಾಕಿ, ಜೋಳ, ತೆಂಗು ತಿನ್ನಿಸಿ, ಹೊಟ್ಟೆ ಚೊಕ್ಕಟವಾದ ಮೇಲೆ ಪಾತ್ರೆಗೆ ಇಳಿಸುವುದು. ಎಲಿಯೂತ್‌ನ ಮನೆಯಲ್ಲಿ ಆ ಉಣಿಸುವ ಕೆಲಸ ಚಿಕ್ಕಂದಿನಿಂದ ಅವನದೇ.

"ಹಿಡಿದು, ಹೆದರಿಸಿ, ಬಣ್ಣ ಹಚ್ಚಿ, ಹಾಗೇ ಕಳಿಸೋದು ಹೆಂಗೆ?" ಎಂದ. "ದಿನಾ ಸಂಜೆ ಬಂದು ಹಾಕ್ತಿದ್ದೆ. ಎಲ್ಲಕ್ಕೂ ಅಲ್ಲ, ನೀನು ಕೆಂಪು ಮಾಡಿದ್ದಕ್ಕೆ ಮಾತ್ರ."

ಬೋನಿನಲ್ಲಿ ಇಟ್ಟಿದ್ದೂ ಜೋಳವೇ. ರುಚಿ ಕಂಡವು ಓಡಿ ಬಂದಿದ್ದವು. ಕಾಣದವು ಬಿಲದಲ್ಲೇ ಉಳಿದಿದ್ದವು. ಎಷ್ಟು ಉಳಿದಿದ್ದವೋ, ಯಾರಿಗೂ ಗೊತ್ತಿಲ್ಲ.

ಮನೆಯಲ್ಲಿ ಸುಲೈಕಾಳ ಅಜ್ಜಿ ತನ್ನ ಗೂಡಿನ ಏಡಿಗಳಿಗೆ ಕಾಳು ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ತಿನ್ನೋಕಲ್ದೆ ಏಡಿ ಸಾಕಿದ್ನಾ? ಅಂಥೋನು ಒಂದೋ ಪೆದ್ದ, ಇಲ್ಲಾ ಯಾರಿಗೋ ಮನಸೋತೋನು ಮಗಳೇ."

"ಪೆದ್ದನೇ ಅಜ್ಜೀ."

"ನಿಮ್ಮ ತಾತ ಎರಡೂ ಆಗಿದ್ದ."

ಸುಮ್ಮನೆ ಆ ಲೆಕ್ಕವನ್ನೇ ಕೊಟ್ಟುಬಿಟ್ಟರೆ ಮೇ ತಿಂಗಳಲ್ಲಿ ಎಲ್ಲರ ಜೊತೆ ಪದವಿ ಸಿಗುತ್ತದೆ, ಕಾಡು ಹೋಗುತ್ತದೆ. ನಿಜ ಹೇಳಿದರೆ ಕಾಡಿಗೆ ಇನ್ನೊಂದು ಅವಕಾಶವಿದೆ, ಪದವಿ ಮುಂದಕ್ಕೆ ಹೋಗುತ್ತದೆ. ಸುಲೈಕಾ ಯೋಚಿಸಬೇಕಾಗಿದ್ದದ್ದು ಇದನ್ನು. ಅವಳ ಮನಸ್ಸು ಮಾತ್ರ ಬೇರೆಯದನ್ನೇ ಹಿಡಿದು ಕೂತಿತ್ತು: ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದವನು ನನ್ನನ್ನು ಒಂದು ದಿನವಾದರೂ ಯಾಕೆ ಕರೆಯಲಿಲ್ಲ? ಕೋಪ ಇದಕ್ಕೋ ಎಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ನಗು ಬಂತು.

ಬೆಳಿಗ್ಗೆ ಹೋಗಿ ನಿಜ ಹೇಳಿದಳು. ಪ್ರೊಫೆಸರ್ ನೆಲಿದಾ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಈ ಲೆಕ್ಕ ನಂಬಬೇಡಿ ಅಂತ ಪುರಸಭೆಗೆ ನಾನು ಹೇಳ್ತೀನಿ, ಇನ್ನಷ್ಟು ಗಡುವು ಕೇಳ್ತೀನಿ. ಆದ್ರೆ ಮೊದಲಿಂದ ಮಾಡ್ಬೇಕು, ಕಾಡಿನ ಆ ತುದಿಯಲ್ಲಿ. ಮೇ ತಿಂಗಳ ಆಸೆ ಬಿಟ್ಬಿಡು. ಜೋಡಿ ಬದಲಾಯಿಸಿಕೊಡ್ಲಾ?"

ಎಲಿಯೂತ್ ಬಾಗಿಲ ಬಳಿ ನೆಲ ನೋಡುತ್ತಾ ನಿಂತಿದ್ದ. ಉತ್ತರ ಮೊದಲೇ ಸಿದ್ಧವಿದ್ದರೂ ಸುಲೈಕಾ ಬೇಕೆಂದೇ ತಡಮಾಡಿದಳು. ಅವನ ಕಿವಿ ಕೆಂಪೇರುವುದನ್ನು ಪೂರ್ತಿ ನೋಡಿದ ಮೇಲೆ ಬಾಯಿಬಿಟ್ಟಳು.

"ಬೇಡ ಮೇಡಂ. ಬೇರೆಯವರ ಜೊತೆ ಹಾಕಿದ್ರೆ ಅವರ ಲೆಕ್ಕಾನೂ ಕೆಡಿಸ್ತಾನೆ. ನನ್ನ ಕಣ್ಣೆದುರೇ ಇರ್ಲಿ."

ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ: "ಸಂಜೆ ಹೋಗೋದು ನಿಲ್ಲಿಸ್ಲಾ?"

"ಯಾಕೆ? ಹೋಗೋಣ. ನಾನೂ ಬರ್ತೀನಿ."

"ಜೋಳ ಹಾಕೋ ಹಾಗಿಲ್ಲ. ಮತ್ತೆ ಅಲ್ಲಿ ಏನ್ ಮಾಡೋದು?"

"ಏನೂ ಮಾಡ್ಬಾರ್ದು" ಎಂದಳು ಸುಲೈಕಾ. "ನಿನ್ನ ಕೈಲಾಗುತ್ತಾ ನೋಡೋಣ."