ಮುಚ್ಚಿಟ್ಟ ಎಲೆ ತೋರಿಸಿ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ತಲೆ ಹಣ್ಣಾದವಳು ನಾನು. ಟಿಕೆಟ್ ತೆಗೆದುಕೊಳ್ಳದವನನ್ನು ಹಿಡಿಯುವುದು ಸುಲಭ. ಅವನು ನಿದ್ದೆ ಮಾಡುವುದಿಲ್ಲ, ಜಗಳ ಆಡುವುದಿಲ್ಲ, ಕಿಟಕಿಯಾಚೆ ಏನೋ ವಿಪರೀತ ಆಸಕ್ತಿಯಿಂದ ನೋಡುತ್ತಾನೆ. ನಿವೃತ್ತಿಯಾದದ್ದು ನಾನು, ನನ್ನ ಕಣ್ಣಲ್ಲ. ಆದ್ದರಿಂದ ಆ ಭಾನುವಾರ ಮಧ್ಯಾಹ್ನ ಆಟದ ಮೇಜಿನಲ್ಲಿ ನನ್ನ ತಂಗಿಯ ಗಂಡ ಗೋಡೆಯ ಕ್ಯಾಲೆಂಡರನ್ನು ಅಷ್ಟು ಹೊತ್ತು ನೋಡುತ್ತ ಕುಳಿತಾಗ, ಇವರ ಹತ್ತಿರ ಟಿಕೆಟ್ ಇಲ್ಲ ಅಂದುಕೊಂಡೆ.

ನಾವು ಆಡುವುದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಇಸ್ತ್ರಿ ಮೇಜಿನ ಮೇಲೆ ಕಂಬಳಿ ಹಾಸಿದರೆ ಅದೇ ಪೋಕರ್ ಮೇಜು. ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗುತ್ತಿರುತ್ತವೆ. ಇಸ್ಪೀಟ್ ಎಲೆ ಹಂಚುವುದು, ನ್ಯಾಯ ಹೇಳುವುದು ಎರಡೂ ಲಾಂಡ್ರಿ ಯಜಮಾನರ ಕೆಲಸ, ಅವರು ಆಡುವುದಿಲ್ಲ. ಆಡುವವರು ಮೂವರೇ. ಲಿಫ್ಟ್ ರಿಪೇರಿ ಮಾಡುವ ನನ್ನ ತಂಗಿಯ ಗಂಡ, ಔಷಧಿ ಅಂಗಡಿಯ ಹುಡುಗಾಟದ ಮನುಷ್ಯ, ಮತ್ತೆ ನಾನು. ಔಷಧಿ ಅಂಗಡಿಯವನನ್ನು ಎಲ್ಲರೂ ಮಾತ್ರೆ ಎಂದೇ ಕರೆಯುತ್ತಾರೆ. ಮದುವೆಯಾಗಿ ಮಕ್ಕಳಾದರೂ ಆ ಹೆಸರು ಹೋಗಿಲ್ಲ.

ನಮ್ಮದು ದುಡ್ಡಿನ ಆಟವಲ್ಲ, ಬರೀ ಬಿಲ್ಲೆಗಳದು. ಆದರೆ ಮರ್ಯಾದೆ ಮಾತ್ರ ದುಡ್ಡಿನ ಆಟಕ್ಕಿಂತ ಹೆಚ್ಚು. ಸರದಿ ಬರುವ ಮುಂಚೆ ಬಾಯಿ ಬಿಡಬಾರದು, ಬಿಲ್ಲೆಗಳನ್ನು ಎರಚಬಾರದು, ಗೆಲ್ಲುವ ಎಲೆ ಕೈಯಲ್ಲಿಟ್ಟುಕೊಂಡು ಎದುರಿನವರನ್ನು ಸತಾಯಿಸಬಾರದು. ಗೆದ್ದಾಗ ಹಲ್ಲು ಕಿಸಿಯಬಾರದು ಎಂಬುದೂ ಉಂಟು. ಅದೊಂದನ್ನು ನಾನು ಆಗಾಗ ಮರೆಯುತ್ತಿದ್ದೆ, ಯಾಕೆಂದರೆ ಗೆಲ್ಲುತ್ತಿದ್ದವಳು ಹೆಚ್ಚಾಗಿ ನಾನೇ.

ಆ ದಿನದ ಆಟಕ್ಕೆ ತೂಕವಿತ್ತು. ಸಂಘದ ದೊಡ್ಡ ಪಂದ್ಯಕ್ಕೆ ನಮ್ಮ ಮೇಜಿನಿಂದ ಒಬ್ಬರೇ ಹೋಗಬಹುದು, ಸಂಜೆಯ ಹೊತ್ತಿಗೆ ಯಾರ ಮುಂದೆ ಬಿಲ್ಲೆ ಹೆಚ್ಚಿರುತ್ತದೋ ಅವರು. ನನಗೆ ಹೋಗಲೇಬೇಕಿತ್ತು. ಬದುಕಿನುದ್ದಕ್ಕೂ ಬೇರೆಯವರ ಪ್ರಯಾಣವನ್ನೇ ತಪಾಸಣೆ ಮಾಡಿದವಳಿಗೆ ಒಂದು ಸಲ ತನ್ನ ಹೆಸರು ಕೂಗಿಸಿಕೊಂಡು ಒಂದು ಕುರ್ಚಿಯಲ್ಲಿ ಕೂರುವ ಆಸೆ. ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ.

ಮೊದಲ ಸುಳಿವು ಸಿಕ್ಕಿದ್ದು ಬೆರಳಿನಿಂದ. ಮಾತ್ರೆ ಮೇಜಿನ ಅಂಚಿಗೆ ಎರಡು ಬೆರಳು ತಟ್ಟುತ್ತಿದ್ದ. ತಟ್ಟಿದಾಗೆಲ್ಲ ನನ್ನ ತಂಗಿಯ ಗಂಡನಿಗೆ ಮೂಗು ತುರಿಸುತ್ತಿತ್ತು. ಮೂಗು ತುರಿಸಿದ ಮೇಲೆ ಇಬ್ಬರೂ ಪೈಪೋಟಿಯ ಮೇಲೆ ಪಣದ ಬಿಲ್ಲೆ ಏರಿಸುತ್ತಿದ್ದರು, ಆಮೇಲೆ ಒಬ್ಬ ತಣ್ಣಗೆ ಎಲೆ ಮುಚ್ಚಿಟ್ಟು ಹಿಂದೆ ಸರಿಯುತ್ತಿದ್ದ. ಒಂದು ಸಲ ಆದರೆ ಕಾಕತಾಳೀಯ. ಮತ್ತೆ ಮತ್ತೆ ಆದರೆ ಅದಕ್ಕೆ ಬೇರೆ ಹೆಸರಿದೆ. ಇಬ್ಬರೂ ಒಳಗೊಳಗೇ ಸೇರಿಕೊಂಡು, ಕೈಯಲ್ಲಿ ಏನೂ ಇಲ್ಲದಿದ್ದರೂ ಬಿಲ್ಲೆ ಏರಿಸಿ, ನನ್ನನ್ನು ಹೆದರಿಸಿ ಓಡಿಸಲು ನೋಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಒಂದೇ ಮನೆಯಲ್ಲಿ ಉಂಡು ನನಗೇ ಹೀಗೆ ಮಾಡುವುದೇ ಎಂದು ಹೊಟ್ಟೆ ಉರಿಯಿತು.

ಕೊನೆಗೆ ಆ ಕೈ ಬಂತು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದಿದ್ದವು. ಒಂದು ರಾಣಿ, ಎರಡು ಒಂಬತ್ತು, ಉಳಿದೆರಡು ಚಿಲ್ಲರೆ. ನನ್ನ ಕೈಯಲ್ಲಿ ಇನ್ನೊಂದು ರಾಣಿ, ಜೊತೆಗೆ ಎಕ್ಕ. ರಾಣಿಯ ಜೋಡಿ, ಒಂಬತ್ತರ ಜೋಡಿ, ಒಳ್ಳೆಯ ಕೈಯೇ. ಮಾತ್ರೆ ಬೆರಳು ತಟ್ಟಿದ. ಅವರು ಮೂಗು ತುರಿಸಿಕೊಂಡರು. ಬಿಲ್ಲೆಗಳು ಏರಿದವು. ಮಾತ್ರೆ ಎಲೆ ಮುಚ್ಚಿಟ್ಟ. ನಾನು ಹಲ್ಲು ಕಚ್ಚಿ, ಒಂದು ಹಿಡಿ ಉಳಿಸಿಕೊಂಡು ಮಿಕ್ಕದ್ದೆಲ್ಲ ಮುಂದೆ ತಳ್ಳಿದೆ. ತಂಗಿಯ ಗಂಡ ಕ್ಯಾಲೆಂಡರ್ ನೋಡಿದರು, ಸಮಸಮ ಬಿಲ್ಲೆ ಇಟ್ಟರು. ನಾನು ಎಲೆ ತೆರೆದೆ.

"ನಿಮ್ಮದೇ ಅಕ್ಕ," ಎಂದು ಅವರು ತಮ್ಮ ಎಲೆಗಳನ್ನು ಕವುಚಿಯೇ ಯಜಮಾನರ ಕಡೆ ಜಾರಿಸಿದರು.

ಅಷ್ಟು ಬಿಲ್ಲೆ ಬಂದ ಮೇಲೆ ಪಂದ್ಯದ ಕುರ್ಚಿ ನನ್ನದಾದಂತೆಯೇ. ಬಿಲ್ಲೆಗಳನ್ನು ಬಾಚಿಕೊಂಡು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಕಳ್ಳನನ್ನು ಬಿಟ್ಟು ಟಿಕೆಟ್ ದರ ಮಾತ್ರ ವಸೂಲಿ ಮಾಡಿ ಮನೆಗೆ ಹೋಗುವ ಜಾತಿಯಲ್ಲ ನಾನು. ಆ ಕವುಚಿದ ಎಲೆಗಳು ಬರೀ ಕಸ ಎಂದು ಎಲ್ಲರೆದುರು ಗೊತ್ತಾಗಬೇಕು, ಇವರಿಬ್ಬರ ಬಣ್ಣ ಬಯಲಾಗಬೇಕು.

"ಆ ಎಲೆ ತೋರಿಸಿ," ಎಂದೆ.

ಸೋತವರ ಎಲೆ ನೋಡಬೇಕೆಂದು ಕೇಳುವ ಹಕ್ಕು ಆಟದಲ್ಲಿದೆ. ಆದರೆ ಅದು ಇರುವುದು ಒಳಸಂಚಿನ ಅನುಮಾನ ಬಂದಾಗಲಷ್ಟೆ. ಹಾಗೆ ಕೇಳುವುದೂ ಒಂದೇ, ಕಳ್ಳ ಎಂದು ಕರೆಯುವುದೂ ಒಂದೇ. ನಮ್ಮ ಮೇಜಿನಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಯಜಮಾನರು ಎಲೆಗಳ ಮೇಲೆ ಅಂಗೈ ಊರಿದರು.

"ಬೇಡ ಅಕ್ಕ," ಎಂದರು ತಂಗಿಯ ಗಂಡ. ಮುಖ ಬಿಳಿಚಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಂಡಿತು ನನಗೆ.

"ಕೇಳೋ ಹಕ್ಕು ನಿಮಗಿದೆ," ಎಂದರು ಯಜಮಾನರು. "ಆದ್ರೆ ಬೇರೆಯವರು ಕೇಳಿದ್ರೆ ಇದು ಸತ್ತ ಎಲೆ, ತೋರಿಸಿ ಕಟ್ಟಿನ ಒಳಗಿಡ್ತೀನಿ. ಗೆದ್ದವರೇ ಕೇಳಿದ್ರೆ ಇದಕ್ಕೆ ಮತ್ತೆ ಜೀವ ಬರುತ್ತೆ. ನಿಮ್ಮದಕ್ಕಿಂತ ದೊಡ್ಡದಾಗಿದ್ರೆ ಅಷ್ಟೂ ಬಿಲ್ಲೆ ಅವರದ್ದು. ಯೋಚನೆ ಮಾಡಿ."

ಸೋತೆ ಎಂದು ತಾನೇ ಒಪ್ಪಿಕೊಂಡವನ ಕೈಯಲ್ಲಿ ದೊಡ್ಡ ಎಲೆ ಹೇಗಿರುತ್ತದೆ? ಯೋಚನೆ ಮಾಡಿ ಎಂದದ್ದೂ ನನಗೆ ಸಂಚಿನ ಭಾಗವಾಗಿಯೇ ಕೇಳಿತು. ತೋರಿಸಿ ಎಂದು ಮತ್ತೆ ಹೇಳಿದೆ.

ಯಜಮಾನರು ಎಲೆ ಮಗುಚಿದರು. ಒಂದು ರಾಜ. ಒಂದು ಒಂಬತ್ತು.

ಮೇಜಿನ ಮೇಲಿನ ಎರಡು, ಅವರ ಕೈಯ ಒಂದು. ಮೂರು ಒಂಬತ್ತು. ನನ್ನ ಎರಡು ಜೋಡಿ ಅದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಆಟ ಕಲಿತ ಮೊದಲ ವಾರದವರಿಗೂ ಅದು ಗೊತ್ತು, ಅವರಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಯಜಮಾನರು ರಾಶಿಯನ್ನು ಅವರ ಕಡೆ ಸರಿಸಿದರು.

ಯಾರೂ ನನ್ನನ್ನು ನೋಡಲಿಲ್ಲ. ಮಾತ್ರೆಯೂ ಈಗ ಕ್ಯಾಲೆಂಡರ್ ನೋಡುತ್ತಿದ್ದ. ಆ ಬೆರಳು, ಆ ಮೂಗು, ಆ ಪೈಪೋಟಿ ಎಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಸಂಚು ಇದ್ದದ್ದು ನಿಜವೇ. ಅದು ನನ್ನ ಮುಂದೆ ಬಿಲ್ಲೆ ಗುಡ್ಡೆ ಹಾಕುವ ಸಂಚು.

"ಯಾವಾಗಿನಿಂದ?" ಎಂದು ಕೇಳಿದೆ.

ತಂಗಿಯ ಗಂಡ ಬಿಲ್ಲೆಗಳನ್ನೇ ನೋಡುತ್ತ ಹೇಳಿದರು. "ಮೊದಮೊದಲು ಸೋತಾಗ ನೀವು ಮನೇಲಿ ಯಾರ ಹತ್ರಾನೂ ಮಾತಾಡ್ತಿರಲಿಲ್ಲ ಅಕ್ಕ. ಊಟದ ತಟ್ಟೆ ಕೂಡ ತಳ್ಳಿಬಿಡ್ತಿದ್ರಿ. ಇಲ್ಲಿ ಎಲೆ ಬಚ್ಚಿಟ್ಟಿದೀವೇನೋ ಅಂತ ಎಲ್ಲರ ಅಂಗಿ ತೋಳು ಮಡಚಿಸಿ ನೋಡಿದ್ರಿ. ನಿಮ್ಮ ತಂಗೀನೇ ಹೇಳಿದ್ಲು, ಗೆಲ್ಲಿಸಿಬಿಡಿ, ಮನೆ ನೆಮ್ಮದಿಯಾಗಿರಲಿ ಅಂತ."

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಗಿಯೂ ಸೇರಿದ್ದಾಳೆ. ನಾನು ಗೆದ್ದು ಬಂದ ಸಂಜೆಗಳಲ್ಲಿ ಅವಳು ಪ್ರತಿ ಆಟವನ್ನೂ ಕೂರಿಸಿಕೊಂಡು ಕೇಳುತ್ತಿದ್ದಳು, ಆಮೇಲೆ ಏನಾಯಿತು ಅಕ್ಕ ಎನ್ನುತ್ತಿದ್ದಳು. ಅವಮಾನದಿಂದ ಕಿವಿ ಬಿಸಿಯಾಯಿತು. ಎದ್ದು ಹೋಗೋಣ ಅನ್ನಿಸಿತು, ಹೋದರೆ ಅವರ ಮಾತೇ ನಿಜವಾಗುತ್ತದೆ.

ತಂಗಿಯ ಗಂಡ ರಾಶಿಯನ್ನು ನನ್ನ ಕಡೆ ವಾಪಸು ತಳ್ಳಲು ಕೈ ಹಾಕಿದರು. ಮುಟ್ಟಿದರೆ ನೋಡಿ ಎಂದೆ. ಪಂದ್ಯಕ್ಕೆ ನೀವೇ ಹೋಗಬೇಕು, ಹೋಗಿ ಸರಿಯಾಗಿ ಆಡಬೇಕು ಎಂದೂ ಹೇಳಿದೆ. ಇನ್ನು ಮೇಲೆ ನನಗೆ ಯಾರೂ ಭಿಕ್ಷೆ ಹಾಕಬಾರದು ಎಂದು ಮೂವರಿಂದಲೂ ಮಾತು ತೆಗೆದುಕೊಂಡೆ. ಮೂವರೂ ಕೂಡಲೇ ಒಪ್ಪಿಕೊಂಡರು, ಅಷ್ಟು ಬೇಗ ಒಪ್ಪಬಾರದಿತ್ತು.

ಯಜಮಾನರು ಮತ್ತೆ ಎಲೆ ಹಂಚಿದರು. ನನಗೆ ಬಂದದ್ದು ನಾಲ್ಕರ ಎರಡು ಎಲೆ. ತಂಗಿಯ ಗಂಡ ಮೊದಲೇ ಕೈಬಿಟ್ಟರು. ಮಾತ್ರೆ ಕೊನೆಯವರೆಗೂ ಬಂದ, ಹುಬ್ಬು ಗಂಟಿಕ್ಕಿಕೊಂಡು, ಬೆರಳುಗಳನ್ನು ಬೇಕೆಂದೇ ಮಡಚಿಕೊಂಡು. ನಾನು ನನ್ನ ಬಡ ಜೋಡಿ ತೆರೆದೆ. ಅವನು ಅದನ್ನು ನೋಡಿದ, ನಿಟ್ಟುಸಿರು ಬಿಟ್ಟ, ತನ್ನ ಎಲೆಗಳನ್ನು ಕವುಚಿ ಮೇಜಿನ ಮೇಲಿಟ್ಟ. "ಚೆನ್ನಾಗಿ ಆಡಿದ್ರಿ ಅಕ್ಕ," ಎಂದ.

ಬರೀ ನಾಲ್ಕರ ಜೋಡಿಗೆ ಸೋತನೇ? ಆ ಎಲೆಗಳು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿದ್ದವು. ಯಜಮಾನರು ಅವನ್ನು ಎತ್ತಿಕೊಳ್ಳದೆ ನನ್ನ ಮುಖ ನೋಡುತ್ತ ಕಾದರು. ಜೀವಮಾನದಲ್ಲಿ ಮೊದಲ ಸಲ ಟಿಕೆಟ್ ಕೇಳಲು ಹೆದರಿದೆ. ಒಳಗಿಡಿ ಎಂದೆ.