ಎಲ್ಲಾ ಸೇರಿ ತೊಂಬತ್ತಾರು

ತೂಕದ ಯಂತ್ರದ ಮೇಲೆ ನಿಂತ ಚಂದ್ರಮೌಳಿ ಹೆಲ್ಮೆಟ್ಟು ತೆಗೆಯಲಿಲ್ಲ. ಬೆನ್ನಿಗೆ ಹಾರ್ನೆಸ್ಸು ಕಟ್ಟಿಕೊಂಡಿದ್ದ. ಆಕಾಶದಲ್ಲಿ ಕುರ್ಚಿಯಾಗುವ ಆ ಪಟ್ಟಿಗಳ ಗಂಟು ನೆಲದ ಮೇಲೆ ಮನುಷ್ಯನನ್ನು ಆಮೆಯಂತೆ ಕಾಣಿಸುತ್ತದೆ. ಕಾಲಿಗೆ ದಪ್ಪ ಬೂಟು, ತೋಳುಗಳ ನಡುವೆ ಕಿತ್ತಳೆ ಬಣ್ಣದ ದೊಡ್ಡ ಬಟ್ಟೆಯುಂಡೆ. ಚಾಮರಾಜಪುರಂನ ಆ ಬೂಸಾ ಅಂಗಡಿಗೆ ಹಿಂಡಿ ಕೊಳ್ಳಲು ಬಂದಿದ್ದ ಇಬ್ಬರು ಸೈಕಲ್ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು.

"ಗುಂಡು ಎಷ್ಟಕ್ಕೆ ಇಡಲಿ?" ಎಂದರು ಅಂಗಡಿಯ ಸದಾಶಿವಯ್ಯ. ಎಪ್ಪತ್ತು ದಾಟಿದವರು, ವಿಭೂತಿಯ ಮೇಲೂ ತೆಳ್ಳಗೆ ಬೂಸಾ ಕೂತಿತ್ತು.

"ತೊಂಬತ್ತಮೂರಕ್ಕೆ ಇಡಿ, ಯಜಮಾನ್ರೇ. ಸುಮ್ನೆ ಒಂದ್ಸಲ ನೋಡ್ಬುಡೋಣ ಅಂತ."

ಸದಾಶಿವಯ್ಯ ಹಿತ್ತಾಳೆ ಗುಂಡನ್ನು ಸರಳಿನ ಮೇಲೆ ತೊಂಬತ್ತಮೂರರ ಗೀಟಿಗೆ ಸರಿಸಿದರು. ಸರಳು ಟಕ್ಕೆಂದು ಕೆಳಗೆ ಬಿತ್ತು, ಏಳಲಿಲ್ಲ. ತೊಂಬತ್ತಕ್ಕೆ ತಂದರು, ಏಳಲಿಲ್ಲ. ಎಂಬತ್ತೆಂಟು. ಎಂಬತ್ತೈದು. ಅಷ್ಟರಲ್ಲಿ ಅವರು ಯಂತ್ರದ ಮುಂದೆ ಬಂದು, ಸೈಕಲ್ಲಿನವರಿಗೆ ಅಂಕಿ ಕಾಣದಂತೆ ಬೆನ್ನು ಅಡ್ಡ ಮಾಡಿ ನಿಂತಿದ್ದರು. ಎಂಬತ್ತೆರಡಕ್ಕೆ ಬಂದಾಗ ಸರಳು ಮೆಲ್ಲಗೆ ಎದ್ದು ನಡುವೆ ನಿಂತಿತು.

"ನಿಮ್ಮ ಯಂತ್ರ ಸೀಲ್ ಆಗಿ ಎಷ್ಟು ದಿನ ಆಯ್ತು?" ಎಂದ ಚಂದ್ರಮೌಳಿ.

"ಆಯುಧಪೂಜೆಗೆ ಮುಂಚೆ ಆಗಿದೆ. ಬೇಕಾದ್ರೆ ನೀವೇ ನೋಡಿ. ಅದೇ ತಾನೆ ನಿಮ್ಮ ಕಸುಬು."

ಹೌದು, ಅದೇ ಅವನ ಕಸುಬು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸಿ ಸರಿ ಇದೆ, ಸರಿ ಇಲ್ಲ ಎಂದು ಚೀಟಿ ಅಂಟಿಸುವ ಕೆಲಸದಲ್ಲಿ ಇಪ್ಪತ್ತೇಳು ವರ್ಷ ಕಳೆದಿದ್ದ. ಕೆಳಗಿಳಿದು, ಮೂಲೆಯಲ್ಲಿದ್ದ ಇಪ್ಪತ್ತು ಕಿಲೋದ ನಾಲ್ಕು ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟು ನೋಡಿದ. ಗುಂಡು ಎಂಬತ್ತಕ್ಕೆ ಬಂದಾಗ ಸರಳು ಕೂದಲೆಳೆಯಷ್ಟೂ ಆಚೀಚೆಯಾಗದೆ ನಿಂತಿತು. ಯಂತ್ರ ಸರಿಯಾಗಿಯೇ ಇತ್ತು.

"ಏನ್ರಪ್ಪಾ, ಹಿಂಡಿ ಬೇಕಾ, ಸಿನಿಮಾ ಬೇಕಾ?" ಎಂದು ಸದಾಶಿವಯ್ಯ ಸೈಕಲ್ಲಿನವರನ್ನು ಒಳಗೆ ಕರೆದುಕೊಂಡು ಹೋದರು. ಅವರನ್ನು ಕಳಿಸಿ ಬಂದಾಗ ಚಂದ್ರಮೌಳಿ ಒಂದು ಬೂಸಾ ಮೂಟೆಯ ಮೇಲೆ ಹೆಲ್ಮೆಟ್ಟು ಹಾಕಿಕೊಂಡೇ ಕೂತಿದ್ದ. ಸದಾಶಿವಯ್ಯ ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿದರು. ಕಾಫಿ ಬಂತು.

ತೊಂಬತ್ತಾರು ಎಂಬ ಅಂಕಿ ಹುಟ್ಟಿದ್ದೂ ಇದೇ ಅಂಗಡಿಯಲ್ಲಿ, ಹನ್ನೆರಡು ವರ್ಷದ ಹಿಂದೆ. ಕಾರ್ಖಾನೆಯ ಸಾಹಸ ಕ್ಲಬ್ಬಿನವರ ಜೊತೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿತು, ಮೊದಲ ರೆಕ್ಕೆ ತಂದ ವರ್ಷ ಅದು. ಹಾರುವವನ ತೂಕ, ರೆಕ್ಕೆಯ ತೂಕ, ಹಾರ್ನೆಸ್ಸು, ಆಪತ್ತಿನ ಪ್ಯಾರಾಶೂಟು, ಬೂಟು, ನೀರಿನ ಬಾಟಲಿ ಎಲ್ಲವನ್ನೂ ಒಟ್ಟಿಗೆ ತೂಗಿ, ಆ ತೂಕಕ್ಕೆ ಹೊಂದುವ ಅಳತೆಯ ರೆಕ್ಕೆಯನ್ನೇ ಕಟ್ಟಿಕೊಳ್ಳಬೇಕು. ಅಂದು ಹೆಂಡತಿ ಗಿರಿಜಾಂಬಾ ಅವನ ಜೊತೆ ಬಂದಿದ್ದಳು. ಸದಾಶಿವಯ್ಯ ಅಂಕಿ ಕೂಗಿದ ಕೂಡಲೇ ಅವರ ಕಿವಿಯ ಮೇಲಿದ್ದ, ಬರೆದರೆ ಅಳಿಸದ ಕಾಪಿಯಿಂಗ್ ಪೆನ್ಸಿಲನ್ನು ಕೇಳಿ ತೆಗೆದುಕೊಂಡು, ರೆಕ್ಕೆ ತುಂಬುವ ಚೀಲದ ಒಳಮಡಿಕೆಯಲ್ಲಿ ದುಂಡಗೆ ಬರೆದಿದ್ದಳು: ಎಲ್ಲಾ ಸೇರಿ 96.

ಅವಳು ಒಂದು ದಿನವೂ ಹಾರಲಿಲ್ಲ. ಪಾಂಡವಪುರದ ಕಡೆಯ ಬೋಳುಗುಡ್ಡಕ್ಕೆ ಅವನ ಜೊತೆ ಹತ್ತುತ್ತಿದ್ದಳು, ಹಾರ್ನೆಸ್ಸಿನ ಗಂಟು ಅವಳ ಬೆನ್ನಿಗೆ, ರೆಕ್ಕೆ ಅವನ ಬೆನ್ನಿಗೆ. ಸಿಕ್ಕುಬಿದ್ದ ದಾರಗಳನ್ನು ಅವಳ ಬೆರಳುಗಳು ಬಲುಬೇಗ ಬಿಡಿಸುತ್ತಿದ್ದವು. ಅವನು ಗಾಳಿಗೇರಿದ ಮೇಲೆ ಗುಡ್ಡ ಇಳಿದು, ಅದಕ್ಕೆಂದೇ ಕಲಿತ ಡ್ರೈವಿಂಗಿನಲ್ಲಿ ಮಾರುತಿ ವ್ಯಾನನ್ನು ಅವನಿಳಿಯುವ ಹೊಲದ ಬದುವಿಗೆ ತಂದು ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದಳು. ಹದಿನೆಂಟು ತಿಂಗಳ ಹಿಂದೆ, ಒಂದು ವಾರದ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಅವನು ಹಾರಿರಲಿಲ್ಲ. ಅಟ್ಟದಿಂದ ಇಳಿಸಿ ನೋಡಿದಾಗ ಹಳೆಯ ರೆಕ್ಕೆಯ ಬಟ್ಟೆ ಗಾಳಿ ಹಿಡಿಯುವುದನ್ನೇ ಮರೆತಿತ್ತು.

ಈಗ ಹಾರಬೇಕಾದರೆ ಎಲ್ಲವನ್ನೂ ಒಬ್ಬನೇ ಹೊರಬೇಕು. ಇಳಿದ ಹೊಲದಲ್ಲಿ ಒಬ್ಬನೇ ಮಡಿಸಿ, ರಸ್ತೆಗೆ ನಡೆದು, ಬಸ್ಸು ಹಿಡಿಯಬೇಕು. ಹಗುರದ ರೆಕ್ಕೆಯೇ ಆಗಬೇಕೆಂದು ಅವನು ಹೊರಟದ್ದು ಅದಕ್ಕೆ. ಗೋಕುಲಂಗೆ ಯೋಗ ಕಲಿಯಲು ಪ್ರತಿ ಚಳಿಗಾಲ ಬರುವ ಆಸ್ಟ್ರಿಯಾದ ಗಂಡಹೆಂಡತಿ ಊರಿಗೆ ಮರಳುವ ಮುಂಚೆ ತಮ್ಮ ಎರಡು ರೆಕ್ಕೆಗಳಲ್ಲಿ ಯಾವುದನ್ನಾದರೂ ಕೊಡಲು ಒಪ್ಪಿದ್ದರು. ಎರಡೂ ಹೊಸಬರಿಗೂ ಅಲ್ಲದ, ಪಂದ್ಯದವರಿಗೂ ಅಲ್ಲದ ನಡುವಿನ ದರ್ಜೆಯವು, ಎರಡೂ ತೆಳು ಬಟ್ಟೆಯವು. ಕಿತ್ತಳೆಯದು ಗಂಡನದು, ಎಂಬತ್ತರಿಂದ ನೂರು ಕಿಲೋವರೆಗಿನ ಅಳತೆ. ನೀಲಿಯದು ಹೆಂಡತಿಯದು, ಅರವತ್ತೈದರಿಂದ ಎಂಬತ್ತೈದಕ್ಕೆ.

ಚಂದ್ರಮೌಳಿ ಒಂದು ಗ್ರಾಫ್ ಹಾಳೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಕಾರ್ಖಾನೆಯ ಪದ್ಧತಿಯಂತೆ ಅಂಕ ಹಾಕಿದ್ದ. ವೇಗ, ಒಂದು ಮೀಟರು ಇಳಿಯುವಷ್ಟರಲ್ಲಿ ಎಷ್ಟು ಮುಂದೆ ಸಾಗುತ್ತದೆ ಎಂಬ ಲೆಕ್ಕ, ಗಾಳಿ ಕೈಕೊಟ್ಟಾಗ ತಾನೇ ಸರಿಯಾಗಿ ಬಿಚ್ಚಿಕೊಳ್ಳುವ ಗುಣ, ದಾರಗಳ ದಪ್ಪ. ನಾಲ್ಕು ಅಂಕಗಳಿಂದ ಕಿತ್ತಳೆ ಗೆದ್ದಿತ್ತು. ಹಾಳೆಯ ಒಂದು ಚೌಕವನ್ನು ಮಾತ್ರ ಅವನು ಅಳೆಯದೆ ತುಂಬಿದ್ದ. ಚೀಲದ ತೊಂಬತ್ತಾರರಲ್ಲಿ ಹೊಸ ರೆಕ್ಕೆಯ ಹಗುರವನ್ನು ಕಳೆದು, ತೊಂಬತ್ತಮೂರು ಎಂದು ಬರೆದಿದ್ದ. ಹಾಳೆಯನ್ನು ಓದಿದ ಆಸ್ಟ್ರಿಯಾದ ಹೆಂಗಸು ಅಲ್ಲಿಗೇ ಬೆರಳಿಟ್ಟು, ಇದು ಯಾವತ್ತಿನ ತೂಕ ಎಂದು ಕೇಳಿದಳು. ನೆನಪಿನ ತೂಕ ಬೇಡ, ಎಲ್ಲ ಕಟ್ಟಿಕೊಂಡು ಇವತ್ತು ತೂಗಿಸಿ ಬನ್ನಿ ಎಂದು ಹೇಳಿ, ಕಿತ್ತಳೆಯದನ್ನು ಅವನ ಕೈಗೇ ಕೊಟ್ಟು ಕಳಿಸಿದ್ದಳು.

"ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಹಾಕ್ಸಿದ್ದೆ," ಎಂದ ಈಗ, ಕಾಫಿ ಲೋಟ ನೋಡುತ್ತಾ. "ಚರ್ಮ ಹಿಗ್ಗಿದೆ ಅಂದ್ಕೊಂಡಿದ್ದೆ."

ಸದಾಶಿವಯ್ಯ ತಮ್ಮ ಲೋಟ ಕೆಳಗಿಟ್ಟರು. "ಸಂಜೆ ಊಟಕ್ಕೆ ಏನ್ ಮಾಡ್ಕತೀರಿ?"

"ಅವಲಕ್ಕಿ ನೆನೆ ಹಾಕ್ತೀನಿ. ಮಧ್ಯಾಹ್ನ ಕ್ಯಾಂಟೀನಿದೆ."

"ದಿನಾನೂವಾ?"

ಚಂದ್ರಮೌಳಿ ಮಾತು ಬದಲಿಸಿದ. "ಕಿತ್ತಳೆಯದನ್ನೇ ತಗೋಬಹುದು. ಅದರ ಅಳತೆಯ ತಳಕ್ಕೆ ಬಿದ್ರೆ ರೆಕ್ಕೆ ಬಿಗಿಯಾಗಿ ನಿಲ್ಲಲ್ಲ, ಅದಕ್ಕೇ ತೂಕ ಕಮ್ಮಿ ಇದ್ರೆ ಹಾರ್ನೆಸ್ಸಿನಲ್ಲಿ ನೀರಿನ ಚೀಲ ಇಟ್ಕೋತಾರೆ. ಹತ್ತು ಲೀಟರ್ ಇಟ್ರೆ ತೊಂಬತ್ತೆರಡು ಆಗ್ತದೆ."

"ಭಾರ ಅಂತ ತಾನೆ ನೀವು ಹಗುರದ್ದು ಹುಡುಕಿದ್ದು?"

"ಹೌದು."

"ಈಗ ಆ ಹಗುರದ್ದರ ಜೊತೆಗೆ ಒಂದು ಕೊಡ ನೀರು ಹೊತ್ಕೊಂಡು ಗುಡ್ಡ ಹತ್ತೀರಿ. ಬುದ್ಧಿವಂತ್ರು ಕಣ್ರೀ ನೀವು."

ಚಂದ್ರಮೌಳಿಗೆ ನಗು ಬಂತು. ನಗು ನಿಂತ ಮೇಲೆ ಸದಾಶಿವಯ್ಯ ಯಂತ್ರದ ಕಡೆ ನೋಡುತ್ತಾ, "ಅವತ್ತು ನೀವು ಗಂಟು ಕಟ್ತಾ ಇದ್ರಿ, ಆಯಮ್ಮ ಮೆತ್ತಗೆ ತಾವೂ ಒಂದ್ಸಲ ಹತ್ತಿದ್ರು. ಯಜಮಾನ್ರೇ, ಇವರಿಗೆ ಮಾತ್ರ ಹೇಳ್ಬುಡಬೇಡಿ ಅಂದ್ರು," ಎಂದರು.

ಚಂದ್ರಮೌಳಿಗೆ ಇದು ಗೊತ್ತಿರಲಿಲ್ಲ. ಅವನು ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡ.

ಶನಿವಾರ ಬೆಳಗ್ಗೆ ಚಂದ್ರಮೌಳಿಯೂ ಆಸ್ಟ್ರಿಯಾದ ಗಂಡಹೆಂಡತಿಯೂ ಹೂಟಗಳ್ಳಿಯ ಹೊಸ ಬಡಾವಣೆಗೆ ಹೋದರು. ಸೈಟುಗಳ ಗಡಿಕಲ್ಲು ಬಿಟ್ಟರೆ ಅಲ್ಲಿ ಬರೀ ಹುಲ್ಲು. ಹಾರುವಂತಿಲ್ಲ, ಆದರೆ ರೆಕ್ಕೆಯನ್ನು ಗಾಳಿಗೆ ಎಬ್ಬಿಸಿ ತಲೆಯ ಮೇಲೆ ನಿಲ್ಲಿಸಿ ನೋಡಬಹುದಿತ್ತು. ಎಂಬತ್ತೆರಡು ಎಂಬುದನ್ನು ಕೇಳಿ ಆ ಹೆಂಗಸು ತಲೆಯಾಡಿಸಿದ್ದಳು ಅಷ್ಟೆ. ಚಂದ್ರಮೌಳಿ ಹಟದಿಂದ ಮೊದಲು ಕಿತ್ತಳೆಯದನ್ನೇ ಹರಡಿದ.

ಹುಲ್ಲು ಕೊಯ್ಯುತ್ತಿದ್ದ ಚಲುವಮ್ಮ ಎಂಬ ಹೆಂಗಸು ಕುಡುಗೋಲು ಹಿಡಿದು ಹತ್ತಿರ ಬಂದಳು. "ಶಾಮಿಯಾನ ಆಕ್ತಾವ್ರೆ ಅಂದ್ಕಂಡೆ. ಊಟ ಐತಾ ಸ್ವಾಮಿ?"

"ಇಲ್ಲಮ್ಮ, ಗಾಳಿ ನೋಡ್ತಾ ಇದ್ದೀವಿ."

"ಗಾಳಿ ನೋಡಕ್ಕೆ ಇಷ್ಟು ಬಟ್ಟೆ ಬೇಕಾ? ನಾವು ಬರೀ ಕಣ್ಣಲ್ಲೇ ನೋಡ್ಕಂಬುಡ್ತೀವಿ," ಎಂದು ಚಲುವಮ್ಮ ಗಡಿಕಲ್ಲೊಂದರ ಮೇಲೆ ಕೂತಳು.

ಕಿತ್ತಳೆ ರೆಕ್ಕೆ ಸೋಮಾರಿಯಂತೆ ಎದ್ದಿತು. ತಲೆಯ ಮೇಲೆ ಬರುವ ಮುಂಚೆಯೇ ಹಿಂದೆ ನೇತುಬಿದ್ದು ಅವನನ್ನು ಎಳೆಯಿತು. ದಾರಗಳಲ್ಲಿ ಬಿಗಿಯೇ ಇರಲಿಲ್ಲ. ಸಣ್ಣ ಗಾಳಿಯೊಂದು ಪಕ್ಕದಿಂದ ಬಂದಾಗ ಅದರ ಎಡಗಡೆಯ ಕಾಲುಭಾಗ ಕಾಗದದ ಮೂಲೆಯಂತೆ ಮಡಚಿಕೊಂಡಿತು. ಮತ್ತೆ ಮಾಡಿದ. ಮೂರನೆಯ ಸಲ ಅದು ಅವನನ್ನು ಹಿಂದಕ್ಕೆ ಎಳೆದು ಕೂರಿಸಿಬಿಟ್ಟಿತು. ಗುಡ್ಡದ ಅಂಚಿನಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತೆಂದು ಅಲ್ಲಿದ್ದ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ನೀಲಿಯದು. ದಾರಗಳನ್ನು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. ಅದು ಸೊಯ್ಯೆಂದು ಎದ್ದು, ನೇರ ನೆತ್ತಿಯ ಮೇಲೆ ಬಂದು ನಿಂತಿತು. ಹೆಗಲಿನ ಪಟ್ಟಿಗಳು ಸಮವಾಗಿ ಬಿಗಿದುಕೊಂಡವು. ಆ ಬಿಗಿತವನ್ನು ಮೈ ಗುರುತಿಸಿತು. ಅವನು ನಿಂತೇ ಇದ್ದ. ಮುಂದಿನ ಹುಲ್ಲಿನ ಮೇಲೆ ರೆಕ್ಕೆಯ ನೆರಳು ಅಲುಗದೆ ಬಿದ್ದಿತ್ತು.

ಮಡಿಸುವ ಹೊತ್ತು ಬಂತು. ಇಂಥ ರೆಕ್ಕೆಯನ್ನು ಬೆಡ್‌ಶೀಟಿನಂತೆ ಮುದುರಿ ತುರುಕುವ ಹಾಗಿಲ್ಲ. ಮುಂದಿನ ಅಂಚಿನ ಒಳಗಿರುವ ಗಟ್ಟಿ ಹಾಳೆಗಳು ಸುಕ್ಕಾಗದಂತೆ, ಗಾಳಿ ತುಂಬುವ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ನೆರಿಗೆಯ ಹಾಗೆ ಕೂರಿಸುತ್ತಾ ಬರಬೇಕು. ಆಚೆ ಆ ಗಂಡಹೆಂಡತಿ ಕಿತ್ತಳೆಯದರ ಎರಡು ತುದಿ ಹಿಡಿದು ಮಾತೇ ಇಲ್ಲದೆ ಮಡಿಸುತ್ತಿದ್ದರು. ಚಂದ್ರಮೌಳಿ ನೀಲಿಯದರ ಮುಂದಿನ ಅಂಚು ಜೋಡಿಸಿ, ಎದ್ದು ಹಿಂದಿನ ಅಂಚಿಗೆ ಹೋಗಿ ಅದನ್ನು ಜೋಡಿಸುವಷ್ಟರಲ್ಲಿ ಮುಂದಿನದು ಗಾಳಿಗೆ ಜಾರುತ್ತಿತ್ತು. ಒಂದು ಕಲ್ಲು ತಂದು ಇಟ್ಟ.

"ತೆಳ್ಳನೆ ಬಟ್ಟೆ ಮ್ಯಾಲೆ ಕಲ್ಲು ಇಕ್ತಾರಾ?" ಚಲುವಮ್ಮ ಎದ್ದು ಬಂದಳು. ಎರಡೂ ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡಳು. "ಆ ಕಡೆ ಸೆರಗು ನಂಗೆ ಕೊಡಿ."

ಅವನು ಕೊಟ್ಟ. ಮೊದಲ ನೆರಿಗೆ ಸರಿಯಾಗಿ ಕೂರಲಿಲ್ಲ. ಎರಡನೆಯದೂ ತಿರುಚಿಕೊಂಡಿತು. ಗಿರಿಜಾಂಬಾ ಯಾವಾಗಲೂ ಎಡಗೈ ಮೊದಲು ಎತ್ತುತ್ತಿದ್ದಳು, ಹತ್ತು ವರ್ಷ ಅವನ ಕೈಗಳು ಅದಕ್ಕೇ ಕೂಡಿಕೊಂಡಿದ್ದವು. ಚಲುವಮ್ಮ ಬಲಗೈ ಮೊದಲು ಎತ್ತುತ್ತಿದ್ದಳು.

"ಯಾಕೆ ಸ್ವಾಮಿ, ನಾನ್ ತಪ್ ಮಾಡ್ತಿದ್ದೀನಾ?"

"ಇಲ್ಲಮ್ಮ. ನೀವು ನಿಮ್ಮಂಗೇ ಹಿಡೀರಿ," ಎಂದು ಅವನು ಮೂರನೆಯ ನೆರಿಗೆಗೆ ತನ್ನ ಕೈ ಬದಲಿಸಿಕೊಂಡ.

ಕೊನೆಯವರೆಗೆ ಒಂದು ಸುಕ್ಕೂ ಬೀಳಲಿಲ್ಲ. ಆಸ್ಟ್ರಿಯಾದ ಹೆಂಗಸು ಬಂದು, ಯಾವುದು ಬೇಕೆಂದು ಕೇಳದೆ, ಹರಿದರೆ ಅಂಟಿಸಿಕೊಳ್ಳಲೆಂದು ಇಟ್ಟುಕೊಂಡಿದ್ದ ನೀಲಿ ಬಟ್ಟೆಯ ಎರಡು ತುಂಡುಗಳನ್ನು ಅವನ ಜೇಬಿಗೆ ಹಾಕಿದಳು. ಚಲುವಮ್ಮನ ಹುಲ್ಲಿನ ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟದ್ದು ಚಂದ್ರಮೌಳಿ.

ಸೋಮವಾರ ಬೆಳಗ್ಗೆ ಸದಾಶಿವಯ್ಯ ಅಂಗಡಿಯ ಹಲಗೆ ತೆಗೆಯುವ ಹೊತ್ತಿಗೆ ಅವನು ಬಾಗಿಲಲ್ಲಿದ್ದ. ಮೈಮೇಲೆ ಎಲ್ಲವೂ ಇತ್ತು. ನೀಲಿ ರೆಕ್ಕೆ ಗಿರಿಜಾಂಬಾ ಬರೆದಿದ್ದ ಹಳೆಯ ಚೀಲದಲ್ಲೇ ಇತ್ತು. ಅದು ಚೀಲದ ಅರ್ಧಕ್ಕೂ ಬಂದಿರಲಿಲ್ಲ, ಮೇಲಿನ ಭಾಗ ಕುಸಿದು ಬೆನ್ನಿಗೆ ಒರಗಿತ್ತು.

"ಹತ್ತಿ," ಎಂದರು ಸದಾಶಿವಯ್ಯ. ಕೈಯಲ್ಲಿದ್ದ ಚಿಕ್ಕ ಟಿಫಿನ್ ಡಬ್ಬಿಯನ್ನು ಗಲ್ಲಾ ಪಕ್ಕದಲ್ಲಿಟ್ಟರು. "ಇದು ತೂಕಕ್ಕೆ ಸೇರಲ್ಲ. ಇಳಿದ ಮೇಲೆ ತಗೊಂಡೋಗಿ. ಮನೇಲಿ ಅಕ್ಕಿರೊಟ್ಟಿ ಮಾಡಿದ್ರು."

ಅವನು ಹತ್ತಿ ನಿಂತ. ಸದಾಶಿವಯ್ಯ ಗುಂಡಿಗೆ ಕೈ ಹಾಕಿದರು.

"ಯಜಮಾನ್ರೇ, ಅವತ್ತು ಅವಳದು ಎಷ್ಟಿತ್ತು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಈಗ ಯಾರು ಕೇಳ್ತಾರೆ ಬುಡಿ."

"ನೀವೇ ಕೇಳ್ತಾ ಇದ್ದೀರಲ್ಲ." ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವನ ಕಡೆ ಚಾಚಿದರು. "ನಿಮ್ಮದು ಬರ್ಕೊಳ್ಳಿ. ಅಲುಗಾಡಬೇಡಿ ಮಾತ್ರ."

ಗುಂಡು ಗೀಟಿನಿಂದ ಗೀಟಿಗೆ ಸರಿಯಿತು. ಸರಳು ಎದ್ದು, ಸಣ್ಣಗೆ ನಡುಗುತ್ತಾ ನಡುವಿಗೆ ಬಂತು. ಅದು ಪೂರ್ತಿ ನಿಂತ ಮೇಲೂ ಚಂದ್ರಮೌಳಿ ಪೆನ್ಸಿಲು ಹಿಡಿದು, ಬೂಸಾದ ವಾಸನೆಯಲ್ಲಿ, ಗಿರಿಜಾಂಬಾ ಒಮ್ಮೆ ಹತ್ತಿದ್ದ ಆ ಕಬ್ಬಿಣದ ಹಲಗೆಯ ಮೇಲೆ ಹಾಗೇ ನಿಂತಿದ್ದ. ಸದಾಶಿವಯ್ಯನವರೂ ಇಳಿಯಿರಿ ಎನ್ನಲಿಲ್ಲ.