ಅಧ್ಯಕ್ಷರ ಮನೆಯ ವರ್ಣನೆ

ನಮ್ಮ ಕಾಲೇಜಿನ ಟ್ರಸ್ಟಿನ ಅಧ್ಯಕ್ಷರೂ ರೈಸ್‌ಮಿಲ್ಲಿನ ಮಾಲೀಕರೂ ಆದ ಚನ್ನಬಸವರಾಜ ಅವರಿಗೆ ಅರವತ್ತು ತುಂಬುವುದಿತ್ತು. ನಮ್ಮ ಕಡೆ ದುಡ್ಡಿದ್ದವರಿಗೆ ಅರವತ್ತಾದರೆ ಅಭಿನಂದನ ಗ್ರಂಥವೊಂದು ಬರಲೇಬೇಕು. ಅದನ್ನು ಯಾರೂ ಓದುವುದಿಲ್ಲ, ತೂಕ ನೋಡುತ್ತಾರೆ. ಹೋದ ವರ್ಷ ಇನ್ನೊಬ್ಬ ರೈಸ್‌ಮಿಲ್ಲಿನವರ ಗ್ರಂಥವನ್ನು ಎತ್ತಲು ಎರಡು ಕೈ ಬೇಕಾಗಿತ್ತು. ಇವರದಕ್ಕೆ ಇಬ್ಬರು ಮನುಷ್ಯರು ಬೇಕಾಗಬೇಕು. ಸಂಪಾದಕ ಮಂಡಳಿಗೆ ಇದ್ದ ಸಾಹಿತ್ಯದ ಗುರಿ ಅದೊಂದೇ.

ಪ್ರಿನ್ಸಿಪಾಲ್ ಜಡೆಪ್ಪನವರು ನನ್ನನ್ನು ಕರೆದರು. "ಪಂಪಾವತಿ ಮೇಡಂ, ನಿಮ್ಮ ಭಾಷಾ ಚಲೋ ಐತಿ. ಅಧ್ಯಕ್ಷರ ಮನಿ ಬಗ್ಗೆ ನೀವು ಬರೀರಿ. ಇಂಗ್ಲಿಷ್ ಪೋಸ್ಟು ಒಂದು ಕಾಯಂ ಮಾಡಾಕ ಹತ್ಯಾರ. ಸಹಿ ಅವರದ. ತಿಳೀತಿಲ್ರಿ?"

ತಿಳಿಯದೆ ಏನು? ಹಚ್ಚೊಳ್ಳಿಯಿಂದ ಬಳ್ಳಾರಿಗೆ ಬಂದಾಗಿನಿಂದ ನಾನು ಇದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಕೈ ಮುಗಿದು, ಹೊಸದಾಗಿ ಕಾಯಬೇಕು. ಈ ಕೆಲಸ ಕಾಯಂ ಆಗಬೇಕೆಂದು ನಾನು ಆಸೆಪಟ್ಟಷ್ಟು ಇನ್ನು ಯಾವುದಕ್ಕೂ ಪಟ್ಟಿಲ್ಲ.

ಆದರೂ ಆ ಮನುಷ್ಯನನ್ನು ಹೊಗಳಲು ನನ್ನ ಕೈ ಬರುತ್ತಿರಲಿಲ್ಲ. ಉಪಾಯ ನನ್ನ ಪಾಠದಿಂದಲೇ ಹೊಳೆಯಿತು. ಕೊನೆಯ ವರ್ಷದವರಿಗೆ ನಾನು ಒಂದು ಹಳೆಯ ಅಮೆರಿಕನ್ ಕಾದಂಬರಿ ಕಲಿಸುತ್ತೇನೆ. ಅದನ್ನು ಬರೆದಾಕೆ ಶ್ರೀಮಂತರನ್ನು ಎಲ್ಲಿಯೂ ಬೈಯುವುದಿಲ್ಲ. ಅವರ ಪಡಸಾಲೆಗೆ ನಮ್ಮನ್ನು ಕರೆದೊಯ್ದು ಪರದೆ ಯಾವ ಬಟ್ಟೆಯದು, ಗಡಿಯಾರ ಎಲ್ಲಿದೆ, ಯಾವ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತಾರೆ, ಯಾರನ್ನು ನಿಲ್ಲಿಸಿಯೇ ಕಳಿಸುತ್ತಾರೆ ಎಂದು ಸಾವಧಾನವಾಗಿ ವರ್ಣಿಸುತ್ತಾಳೆ. ವರ್ಣನೆ ಮುಗಿಯುವಷ್ಟರಲ್ಲಿ ಅವರ ಮಾನ ಹರಾಜಾಗಿರುತ್ತದೆ. ನಾನೂ ಇದ್ದದ್ದನ್ನು ಇದ್ದ ಹಾಗೆ ಬರೆದರಾಯಿತು ಅಂದುಕೊಂಡೆ. ಅಧ್ಯಕ್ಷರಿಗೆ ಅದು ಹೊಗಳಿಕೆಯಾಗಿ ಕಾಣುತ್ತದೆ, ಬುದ್ಧಿಯಿದ್ದವರು ನಗುತ್ತಾರೆ. ಹಾವು ಸಾಯಬೇಕು, ಕೋಲು ಮುರಿಯಬಾರದು.

ಚನ್ನಬಸವರಾಜರು ಹುಟ್ಟಿದ್ದು ಕುರುಗೋಡಿನಲ್ಲಿ, ದುಡಿದದ್ದು ಸಿರುಗುಪ್ಪದ ಮಿಲ್ಲಿನಲ್ಲಿ, ಮೆರೆಯುವುದಕ್ಕೆ ಮನೆ ಕಟ್ಟಿಸಿದ್ದು ಬಳ್ಳಾರಿಯಲ್ಲಿ. ಗೇಟಿನ ಪಕ್ಕದಲ್ಲೇ ಕುರುಗೋಡಿನ ದೊಡ್ಡ ಬಸವಣ್ಣನ ನೆನಪಿಗೆಂದು ಫೈಬರಿನ ಬಸವಣ್ಣ ಕೂತಿದ್ದ. ಹೊಟ್ಟೆಯೊಳಗೆ ಬಲ್ಬು ಇಟ್ಟಿದ್ದರಿಂದ ಒಮ್ಮೆ ಕೆಂಪಗೆ, ಒಮ್ಮೆ ಹಸಿರಾಗಿ ಬೆಳಗುತ್ತಿದ್ದ.

"ಮುಟ್ಟಿ ನೋಡ್ರಿ ಮೇಡಂ, ಇಟಲೀದು," ಎನ್ನುತ್ತ ಅಧ್ಯಕ್ಷರೇ ಮನೆ ತೋರಿಸಿದರು. ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಬಳ್ಳಾರಿಯ ಬಿಸಿಲಿಗೆ ಕೂತವರ ಬೆನ್ನು ಅದಕ್ಕೆ ಅಂಟಿಕೊಂಡು, ಏಳುವಾಗ ಪರ್ ಎಂದು ಸದ್ದಾಗುತ್ತಿತ್ತು. ಮೂಲೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ಅಮೃತಶಿಲೆಯ ವಿದೇಶಿ ಹೆಂಗಸು ನಿಂತಿದ್ದಳು. ಬೀಗರಿಗೆ ಮುಜುಗರವಾಯಿತೆಂದು ಆಕೆಗೆ ಅಧ್ಯಕ್ಷರ ಸನ್ಮಾನದ ಶಾಲೊಂದನ್ನು ಹೊದಿಸಿದ್ದರು. ಗೋಡೆ ತುಂಬ ಇದ್ದ ಪುಸ್ತಕಗಳು ಬೆನ್ನು ಮಾತ್ರದ ಪುಸ್ತಕಗಳು, ಹಲಗೆಗೆ ಅಂಟಿಸಿದಂಥವು. ಸ್ನಾನದ ಮನೆಯಲ್ಲಿ ದೋಣಿಯಷ್ಟು ದೊಡ್ಡ ಟಬ್ಬು. ನಲ್ಲಿಗೆ ದಿನಾ ನೀರು ಬರುವ ಭಾಗ್ಯ ಬಳ್ಳಾರಿಗಿಲ್ಲವಲ್ಲ, ಟಬ್ಬಿನ ತುಂಬ ನೀರು ಹಿಡಿದಿಟ್ಟು, ಬಂಗಾರದ ಬಣ್ಣದ ನಲ್ಲಿಗೆ ಪ್ಲಾಸ್ಟಿಕ್ ಮಗ್ಗು ತೂಗುಹಾಕಿದ್ದರು. ಅಧ್ಯಕ್ಷರು ಸ್ನಾನ ಮಾಡುವುದು ಪಕ್ಕದಲ್ಲಿದ್ದ ಬಕೆಟ್ಟಿನಿಂದ.

ಅಡುಗೆಮನೆ ನೋಡಿದರೆ ಆಸ್ಪತ್ರೆಯ ಆಪರೇಷನ್ ಕೋಣೆ ನೆನಪಾಗುತ್ತಿತ್ತು. ಅಲ್ಲಿ ಎಂದೂ ಒಲೆ ಹಚ್ಚಿರಲಿಲ್ಲ. "ಒಗ್ಗರಣಿ ಹೊಗಿ ಬಡದ್ರ ಬಣ್ಣ ಹಾಳಾಗತೈತ್ರಿ," ಎಂದರು ಅಧ್ಯಕ್ಷರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ರೊಟ್ಟಿ ಸುಡುವ ವಾಸನೆ ಹಿಡಿದು ನಾನು ಹಿತ್ತಿಲಿಗೆ ಹೋದೆ.

ಅಲ್ಲಿ ತಗಡಿನ ಮಾಡಿನ ಕೆಳಗೆ ಅವರ ಹೆಂಡತಿ ಚನ್ನವೀರಮ್ಮ ಕಟ್ಟಿಗೆ ಒಲೆ ಹಚ್ಚಿ, ಮಣೆಯ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾನು ಯಾರೆಂದು ಕೇಳುವ ಮೊದಲೇ, "ಬಾರವ್ವ, ಕುಂಡ್ರು. ಬಿಸೀದು ಒಂದು ತಿನ್ನು," ಎಂದು ಪುಂಡಿಪಲ್ಯ ಹಚ್ಚಿ ಕೈಗೆ ಕೊಟ್ಟರು. ಮುಖ ಬೆವತಿತ್ತು, ಕಣ್ಣು ನಗುತ್ತಿತ್ತು.

"ಮುಂದ ಹೋದ್ರ ಎಲ್ಲಿ ಕೈ ಇಡಬೇಕು ತಿಳಿಯಂಗಿಲ್ಲ ನನಗ," ಎಂದರು. "ಇದಾ ನನ್ನ ಮನಿ ನೋಡು."

ಮನೆಗೆ ಬಂದು ಎಲ್ಲವನ್ನೂ ಬರೆದೆ. ಟಬ್ಬು, ಮಗ್ಗು, ಶಾಲು ಹೊದ್ದ ಹೆಂಗಸು, ಬೆನ್ನಿನ ಪುಸ್ತಕಗಳು, ಒಂದನ್ನೂ ಬಿಡಲಿಲ್ಲ. ಒಂದು ಕೆಟ್ಟ ಮಾತೂ ಹಾಕಲಿಲ್ಲ. ಬರೆಯುತ್ತ ನಾನೇ ನಕ್ಕೆ. ಕೊನೆಯ ಪ್ಯಾರಾ ಮಾತ್ರ ಪ್ರೀತಿಯಿಂದ ಬರೆದದ್ದು: ಇಷ್ಟು ದೊಡ್ಡ ಮನೆಯಲ್ಲಿ ಮನಸ್ಸು ತಣ್ಣಗಾಗುವ ಜಾಗ ಹಿತ್ತಿಲಿನ ಒಲೆಯ ಮುಂದಿದೆ, ಅಲ್ಲಿ ಮನೆಯೊಡತಿ ತಾವೇ ರೊಟ್ಟಿ ಬಡಿದು ಬಂದವರ ಹೊಟ್ಟೆ ತುಂಬಿಸುತ್ತಾರೆ.

ಸಮಾರಂಭ ಸಿರುಗುಪ್ಪದ ಮಿಲ್ಲಿನ ಅಂಗಳದಲ್ಲಿ ನಡೆಯಿತು. ಇಬ್ಬರು ಹಮಾಲರು ಗ್ರಂಥ ಹೊತ್ತು ವೇದಿಕೆಗೆ ತಂದರು. ಜಡೆಪ್ಪನವರು ನನ್ನ ಲೇಖನವನ್ನು ಗಟ್ಟಿಯಾಗಿ ಓದಿದರು. ಫೈಬರಿನ ಬಸವಣ್ಣನಿಗೆ ಚಪ್ಪಾಳೆ ಬಿತ್ತು. ಟಬ್ಬಿಗೆ ಇನ್ನೂ ಜೋರು ಚಪ್ಪಾಳೆ. ಮುಂದಿನ ಸಾಲಿನ ಮಿಲ್ಲಿನವರು ಅದು ಎಲ್ಲಿ ಸಿಗುತ್ತದೆಂದು ಪರಸ್ಪರ ವಿಚಾರಿಸಿಕೊಂಡರು. ನಗುತ್ತಾರೆಂದು ನಾನು ನಂಬಿದ್ದ ನಮ್ಮ ಕಾಲೇಜಿನವರ ಕಡೆ ನೋಡಿದೆ. ಅವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅಂಥ ಟಬ್ಬು ತಮಗಿಲ್ಲವಲ್ಲ ಎಂಬ ದುಃಖ ಒಬ್ಬೊಬ್ಬರ ಮುಖದಲ್ಲೂ ಇತ್ತು. ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ.

ಕೊನೆಯ ಪ್ಯಾರಾ ಬಂತು. ಚಪ್ಪಾಳೆ ನಿಂತಿತು. ಆದವಾನಿಯಿಂದ ಬಂದಿದ್ದ ಬೀಗಿತ್ತಿ ಪಕ್ಕದವರ ಕಿವಿಯಲ್ಲಿ, "ಅಯ್ಯೋ ಪಾಪ, ಅಡಗಿಯವ್ರು ಇಲ್ಲೇನು ಇವ್ರ ಮನ್ಯಾಗ?" ಎಂದು ಕಿಸಕ್ಕನೆ ನಕ್ಕರು. ನನ್ನ ಇಡೀ ಲೇಖನಕ್ಕೆ ಸಿಕ್ಕ ನಗು ಅದೊಂದೇ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಚನ್ನವೀರಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡರು.

ಮರುದಿನ ಜಡೆಪ್ಪನವರು ಕುರ್ಚಿಯಿಂದ ಎದ್ದು ಕೂಗಾಡಿದರು. "ಏನ್ರಿ ಮೇಡಂ, ಅಷ್ಟೆಲ್ಲ ಹೊಗಳಿ ಬರದು, ಕೊನೀಗೆ ಹಿಂಗ ಮಾನ ಕಳೀಬೇಕೇನ್ರಿ? ಅಧ್ಯಕ್ಷರ ಹೆಂಡ್ತಿ ನೆಲದಾಗ ಕುಂತು ರೊಟ್ಟಿ ಬಡೀತಾರಂತ ಊರಿಗೆಲ್ಲ ಸಾರಿದ್ರಿ!"

"ಅದು ನಿಜ ಸರ್."

"ನಿಜ ಬರಿಯಾಕ ಅಭಿನಂದನ ಗ್ರಂಥ ಯಾಕ್ರಿ ಬೇಕು?" ಎಂದು ಅವರು ನೀರು ಕುಡಿದರು. "ಪುಣ್ಯಾಕ ಇನ್ನೂ ಹಂಚಿಲ್ಲ. ಆ ಹಾಳಿ ಕಿತ್ತು ಬ್ಯಾರೆ ಹಾಳಿ ಹಚ್ಚೋಣು. ಮನ್ಯಾಗ ಒಂದಾ ಅಡಗಿಮನಿ, ಇಟಲೀದು. ಅಡಗಿಯವ್ರು ಮಾಡ್ತಾರ, ಅಮ್ಮಾರು ಸೋಫಾದ ಮ್ಯಾಲೆ ಕುಂತಿರ್ತಾರ. ಹಿಂಗ ಬರದ್ರ ಪೋಸ್ಟು ನಿಮ್ಮದು. ಇಲ್ಲಂದ್ರ ಜೂನ್‌ದಾಗ ಬರಬ್ಯಾಡ್ರಿ."

ನನಗೆ ಮೈಯೆಲ್ಲ ಉರಿಯಿತು. ಬರೆದದ್ದರಲ್ಲಿ ಗೇಲಿ ಎಲ್ಲವೂ ಹೊಗಳಿಕೆಯಾಗಿ ಸಂದಿತ್ತು, ಹೊಗಳಿಕೆಯೊಂದೇ ಬೈಗುಳವಾಗಿತ್ತು. ಪೋಸ್ಟು ಹಾಳಾಗಿ ಹೋಗಲಿ, ಆ ಸುಳ್ಳನ್ನು ಬರೆಯುವುದಿಲ್ಲ ಎಂದು ನಿರ್ಧರಿಸಿದೆ. ಅಧ್ಯಕ್ಷರಿಗೆ ಎದುರಾ ಎದುರು ಹೇಳಿಯೇ ಬರೋಣವೆಂದು ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ.

ಅಧ್ಯಕ್ಷರು ಮಿಲ್ಲಿಗೆ ಹೋಗಿದ್ದರು. ಪಡಸಾಲೆಯ ಸೋಫಾದ ತುದಿಯಲ್ಲಿ ಚನ್ನವೀರಮ್ಮ ಒಬ್ಬರೇ ಕೂತಿದ್ದರು, ರೇಷ್ಮೆ ಸೀರೆ ಉಟ್ಟುಕೊಂಡು, ಯಾರದೋ ಮದುವೆಗೆ ಬಂದು ಗುರುತಿನವರು ಸಿಗದವರ ಹಾಗೆ. ಒಳಗೆ ಇಟಲಿಯ ಅಡುಗೆಮನೆಯಲ್ಲಿ ಬಿಳಿ ಟೊಪ್ಪಿಗೆ ಹಾಕಿದ ಅಡುಗೆಯವನು ಏನನ್ನೋ ಕರಿಯುತ್ತಿದ್ದ. ಕಿಟಕಿಯಿಂದ ಹಿತ್ತಿಲು ಕಾಣುತ್ತಿತ್ತು. ತಗಡು ಇರಲಿಲ್ಲ. ಒಲೆ ಒಡೆದು, ನೆಲಕ್ಕೆ ಹೊಳೆಯುವ ಟೈಲ್ಸು ಹಾಕಿಸಿದ್ದರು.

"ಯಾವಾಗ್ರಿ ಅಮ್ಮ?" ಎಂದೆ.

"ಸಮಾರಂಭದಿಂದ ಬಂದವರಾ ಒಡಸಿದ್ರವ್ವ. ಮಂದಿ ಮುಂದ ತಲಿ ತಗ್ಗಿಸೋ ಹಂಗಾತಂತ."

"ನಾನು ನಿಮಗ ಒಳ್ಳೇದು ಅಂತಾನ ಬರದಿದ್ದೆ. ಈಗ ಆ ಹಾಳಿ ಕಿತ್ತು, ನೀವು ಸೋಫಾದ ಮ್ಯಾಲೆ ಕುಂತಿರ್ತೀರಿ ಅಂತ ಸುಳ್ಳು ಬರೀರಿ ಅಂತಾರ. ನಾ ಬರಿಯಂಗಿಲ್ರಿ. ಕೆಲಸ ಹೋದ್ರ ಹೋಗಲಿ."

ಚನ್ನವೀರಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಪ್ಲಾಸ್ಟಿಕ್ಕು ಸದ್ದು ಮಾಡಿತು. ಅವರ ಅಂಗೈ ಇನ್ನೂ ಒರಟಾಗಿಯೇ ಇತ್ತು.

"ಬರದು ಕೊಡವ್ವ, ನಿನ್ನ ಹೊಟ್ಟಿ ಮ್ಯಾಲೆ ಯಾಕ ಬರಿ ಹಾಕ್ಕೊಂತಿ," ಎಂದರು. "ಒಲಿ ಒಡದಾತು. ನಾನೂ ಇಲ್ಲೇ ಕುಂತೀನಿ. ಇನ್ನು ನೀ ಬರದ್ರ ಅದು ಸುಳ್ಳು ಹೆಂಗ ಆಗತೈತಿ?"

ನಾನು ಬರೆದುಕೊಟ್ಟೆ. ಕೆಲಸ ಕಾಯಂ ಆಯಿತು. ಅವರೆಲ್ಲರ ಮೇಲೆ ನನಗಿದ್ದ ಹೇಸಿಗೆ ಅಂದಿನಿಂದ ನನ್ನ ಮೇಲೂ ಇದೆ.